ಅಂಗೈ ಮೇಲಿನ ಹನಿ

ಯಕೃತ್ತಿಗೆ ದನಿಯಿದ್ದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ, ಸೊಳ್ಳೆಪರದೆಯ ಹೊರಗೆ ಸುತ್ತುವ ಸೊಳ್ಳೆಗಳ ಹಾಗೆ ಎನ್ನುತ್ತೇನೆ. ಕೇಳುವವರು ಕಡಿಮೆ. ನಾನಾಗಿ ಹೇಳುವವಳಂತೂ ಅಲ್ಲ. ಎಂಎಸ್‌ಸಿ ಮುಗಿಸಿದ ಮೇಲೆ ಹುಬ್ಬಳ್ಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿದ್ದೇ ಈ ದನಿ ಕೇಳಿಸಿಕೊಳ್ಳುವುದಕ್ಕೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಯಾರೊಡನೆಯೂ ಮಾತನಾಡದೆ ಕೂರಬಹುದು ಎಂದು ತಿಳಿದ ಕೂಡಲೇ ನಾನು ಒಪ್ಪಿಕೊಂಡಿದ್ದೆ.

ನಾವು ತಿಂದದ್ದೆಲ್ಲ ಕರುಳಿನಿಂದ ರಕ್ತಕ್ಕಿಳಿದು ಮೊದಲು ಹೋಗುವುದು ಯಕೃತ್ತಿಗೆ. ಅನ್ನದ ಚೂರು, ಮಜ್ಜಿಗೆಯ ಚೂರು, ಕರುಳಿನ ಬ್ಯಾಕ್ಟೀರಿಯಾಗಳ ಚೂರು, ಎಲ್ಲವೂ ಹೊರಗಿನವೇ. ಯಕೃತ್ತಿನ ಸಂದಿಗೊಂದಿಗಳಲ್ಲಿ ಕಾವಲು ಕೂತಿರುವ ರೋಗನಿರೋಧಕ ಕೋಶಗಳು ಪ್ರತಿಯೊಂದಕ್ಕೂ ಬೊಬ್ಬೆ ಹೊಡೆದು ಮೇಲೆ ಬಿದ್ದರೆ ಒಂದು ಊಟದ ಹೊತ್ತಿಗೇ ಯಕೃತ್ತು ಉರಿದುಹೋದೀತು. ಅದಕ್ಕೇ ಅವು ಸುಮ್ಮನಿರುವುದನ್ನು ಕಲಿತಿವೆ. ಬಂದದ್ದನ್ನು ನೋಡುತ್ತವೆ, ಬಿಡುತ್ತವೆ. ಕ್ಯಾನ್ಸರ್ ಗಡ್ಡೆ ಅಡಗುವುದು ಈ ಮೌನದೊಳಗೆ. ತಾನೂ ಮನೆಯವನೇ ಎಂಬಂತೆ ಸಂಜ್ಞೆ ಮಾಡುತ್ತದೆ. ಅದನ್ನು ಕೊಲ್ಲಲೆಂದು ಬಂದ ಟಿ ಕೋಶಗಳನ್ನು ಕಾವಲು ಕೋಶಗಳೇ ಸಮಾಧಾನ ಮಾಡಿ ಕೂರಿಸುತ್ತವೆ. ಕೂತು ಕೂತು ಅವು ದಣಿದುಹೋಗುತ್ತವೆ.

ಆ ಮೌನವನ್ನೇ ಕೆಲವು ವಾರಗಳ ಮಟ್ಟಿಗೆ ಅಳಿಸಿಬಿಟ್ಟರೆ? ಡಾ. ಜಹೀರಾ ಮುಲ್ಲಾ ಅವರ ಚಿಕಿತ್ಸೆ ಹುಟ್ಟಿದ್ದು ಈ ಪ್ರಶ್ನೆಯಿಂದ. ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿತ್ತು; ನಾವು ಕರೆಯುತ್ತಿದ್ದುದು ‘ಎಚ್ಚರ’ ಎಂದು. ಎಚ್ಚರದಲ್ಲಿರುವ ಯಕೃತ್ತು ಯಾರನ್ನೂ ನಂಬುವುದಿಲ್ಲ. ಗಡ್ಡೆಯ ಮೇಲೆ ಹೇಗೆ ಬೀಳುತ್ತದೋ ಗಂಜಿಯ ಮೇಲೂ ಹಾಗೇ ಬೀಳುತ್ತದೆ. ಆದ್ದರಿಂದ ರೋಗಿಯ ಬಾಯಿಗೆ ನೀರು ಮಾತ್ರ. ಉಳಿದದ್ದು ತೀರ ಸರಳವಾಗಿ ಒಡೆದ ಪೋಷಕದ್ರವವಾಗಿ ತೋಳಿನ ನಳಿಕೆಯಿಂದ ರಕ್ತಕ್ಕೆ.

ವಾರಕ್ಕೊಮ್ಮೆ ಸಪೂರ ಸೂಜಿಯಿಂದ ಆ ಕಾವಲು ಕೋಶಗಳಲ್ಲಿ ಕೆಲವನ್ನು ತೆಗೆದು ನನ್ನ ಮೇಜಿಗೆ ಕಳಿಸುತ್ತಾರೆ. ಗಾಜಿನ ತಟ್ಟೆಯ ಗುಳಿಗಳಲ್ಲಿ ಅವನ್ನಿಟ್ಟು ಒಂದೊಂದು ಗುಳಿಗೆ ಒಂದೊಂದು ಆಹಾರದ ಹನಿ ಬಿಡುತ್ತೇನೆ. ರೋಗಿಯ ಮನೆಯದೇ ಅಡುಗೆ. ಡಬ್ಬಿಯಲ್ಲಿ ತರಿಸಿ, ಅರೆದು, ಹೊಟ್ಟೆಯ ರಸಗಳಲ್ಲಿ ಕರಗಿಸಿದ್ದು. ಕೋಶ ಕೆರಳಿದಾಗ ಹೊರಬಿಡುವ ರಾಸಾಯನಿಕವನ್ನು ಯಂತ್ರ ದನಿಯಾಗಿಸುತ್ತದೆ. ಪರದೆಯ ಮೇಲಿನ ಗೆರೆಗಿಂತ ಕಿವಿ ಬೇಗ ಹಿಡಿಯುತ್ತದೆಂದು ಹಾಗೆ ಮಾಡಿದ್ದಾರೆ. ಗುಂಯ್‌ಗುಟ್ಟಿದರೆ ಕೋಶಗಳು ಎದ್ದಿವೆ, ಗಡ್ಡೆಯನ್ನೂ ಬಿಡುವುದಿಲ್ಲ ಎಂದು ಧೈರ್ಯ. ಸುಮ್ಮನಿದ್ದರೆ ಮಲಗುತ್ತಿವೆ ಎಂದು ಅರ್ಥ.

ತಟ್ಟೆಗಳ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ನಮ್ಮ ಪರಿಚಯದವರದ್ದು ಬಂದರೆ ಕೈ ನಡುಗಬಾರದೆಂದು. ಆದರೆ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ವಾಸನೆಗೆ ನಂಬರ್ ಹಚ್ಚಲು ಯಾರಿಗೂ ಬರುವುದಿಲ್ಲ. ಹುರಿದ ಒಣಕೊಬ್ಬರಿ, ತುಸು ಹೆಚ್ಚೇ ಕಪ್ಪಾಗಿಸಿದ ಉಳ್ಳಾಗಡ್ಡಿ, ಮಸಾಲೆಗೆ ಹಾಕುವ ದಗಡಹೂವು. ನಾನು ಹುಟ್ಟಿದಾಗಿನಿಂದ ಉಂಡ ಬೇಳೆಸಾರು. ಆ ನಂಬರು ನನ್ನ ಅವ್ವನದು.

ಅವ್ವ ಎಂದರೆ ಹಳೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಫಕ್ಕೀರವ್ವನ ಖಾನಾವಳಿಯ ಫಕ್ಕೀರವ್ವ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದ್ದು ಆ ಒಲೆ. ಹಿಂದೆ ಯಾವಾಗಲೋ ರಕ್ತಕ್ಕೆ ಸೇರಿದ ಹೆಪಟೈಟಿಸ್ ಬಿ ವೈರಾಣು ಅವಳ ಯಕೃತ್ತಿನಲ್ಲಿ ಸದ್ದಿಲ್ಲದೆ ಕೂತಿತ್ತು. ಗೊತ್ತಾಗುವ ಹೊತ್ತಿಗೆ ಗಡ್ಡೆ ದೊಡ್ಡ ರಕ್ತನಾಳದ ಬೆನ್ನಿಗೆ ಅಂಟಿಕೊಂಡಿತ್ತು. ಚಾಕು ಅಲ್ಲಿಗೆ ಹೋಗುವಂತಿರಲಿಲ್ಲ. ಉಳಿದದ್ದು ಎಚ್ಚರ ಒಂದೇ. ಚಿಕಿತ್ಸೆ ಶುರುವಾಗಿ ಕೆಲವು ವಾರಗಳ ಮೇಲಿನ ಸ್ಕ್ಯಾನಿನಲ್ಲಿ ಗಡ್ಡೆ ಬಹುಪಾಲು ಕರಗಿ, ರಕ್ತನಾಳದ ಹಿಂದೆ ಮಾತ್ರ ಒಂದು ತುಣುಕು ಉಳಿದಿತ್ತು. ಆ ತುಣುಕು ಹೋಗಬೇಕು. ಅದೊಂದೇ ನಮಗೆ ಬೇಕಾಗಿದ್ದದ್ದು.

ಅದರ ಮರುವಾರ ಒಂದು ಬೆಳಿಗ್ಗೆ ಅವ್ವನ ತಟ್ಟೆ ಮೇಜಿಗೆ ಬಂತು. ಅಕ್ಕಿಯ ಹನಿಗೆ ಕೋಶಗಳು ಗುಂಯ್ ಎಂದವು. ಹಾಲಿಗೆ ಎಂದವು. ಜೋಳಕ್ಕಂತೂ ಹೆಡ್‌ಫೋನನ್ನು ಕಿವಿಯಿಂದ ಸರಿಸುವಷ್ಟು ಜೋರಾಗಿ ಎಂದವು. ಸಾರಿನ ಹನಿ ಬಿಟ್ಟೆ.

ಏನೂ ಇಲ್ಲ.

ದನಿ ಏರಿಸಿದೆ. ವೈರನ್ನು ತೆಗೆದು ಮತ್ತೆ ಸಿಕ್ಕಿಸಿದೆ. ಬೇರೆ ಗುಳಿಯಲ್ಲಿ ಬೇರೆ ಹನಿ. ಏನೂ ಇಲ್ಲ. ಎದ್ದು ನೀರು ಕುಡಿದು ಬಂದೆ, ಕುರ್ಚಿಯ ಎತ್ತರ ಸರಿಮಾಡಿದೆ, ಮತ್ತೆ ಕೇಳಿದೆ. ಅಕ್ಕಿ, ಹಾಲು, ಜೋಳ ಎಲ್ಲದಕ್ಕೂ ಕೂಗಾಡುವ ಕೋಶಗಳು ಆ ಸಾರಿಗೆ ಮಾತ್ರ ಹಳೆಯ ಗೆಳತಿ ಬಂದಳೆನ್ನುವಂತೆ ಸುಮ್ಮನೆ ದಾರಿ ಬಿಟ್ಟಿದ್ದವು. ಯಾರೋ ಅವಕ್ಕೆ ಅದರ ಗುರುತು ಮಾಡಿಕೊಟ್ಟಿದ್ದರು. ಒಂದು ಸಲ ಅಲ್ಲ, ದಿನವೂ, ಸ್ವಲ್ಪ ಸ್ವಲ್ಪವೇ.

ಕೇಂದ್ರದಲ್ಲಿ ಒಂದು ನಿಯಮವಿತ್ತು. ಎಚ್ಚರದಲ್ಲಿದ್ದಾಗ ಏನಾದರೂ ತಿಂದವರ ಚಿಕಿತ್ಸೆ ಅಂದೇ ನಿಲ್ಲಬೇಕು; ಶಮನದ ಇಂಜೆಕ್ಷನ್ ಕೊಟ್ಟು ಕಾವಲನ್ನು ಮಲಗಿಸಬೇಕು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಒಬ್ಬರು ಮನೆಯವರ ಕಣ್ಣು ತಪ್ಪಿಸಿ ಒಂದು ತಟ್ಟೆ ಅವಲಕ್ಕಿ ತಿಂದಿದ್ದರು. ಯಕೃತ್ತು ಉರಿದು, ಅವರು ಉಳಿಯಲಿಲ್ಲ. ಇನ್ನೊಂದು ಅಪಾಯವೂ ಇತ್ತು: ಕಾವಲು ಕೋಶಗಳಲ್ಲಿ ಒಂದು ಕೂತರೆ ಪಕ್ಕದ್ದನ್ನೂ ಕೂರಿಸುತ್ತದೆ. ಸಾರಿಗೆ ಸುಮ್ಮನಾದದ್ದು ಗಡ್ಡೆಗೂ ಸುಮ್ಮನಾದೀತು. ನಿಲ್ಲಿಸಿದರೂ ತುಣುಕು ಉಳಿಯುತ್ತದೆ, ನಿಲ್ಲಿಸದಿದ್ದರೂ ಉಳಿಯಬಹುದು.

ಕೇಳಿದವಳು ನಾನೊಬ್ಬಳೇ. ‘ಗುಂಯ್’ ಎಂದು ಗುರುತು ಹಾಕಿದ್ದರೆ ಮುಂದಿನ ಸ್ಕ್ಯಾನಿನವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆರಳು ಕೀಲಿಯ ಮೇಲಿತ್ತು. ‘ಮರುಪರೀಕ್ಷೆ’ ಎಂದು ಒತ್ತಿ, ಊಟದ ಬಿಡುವಿನಲ್ಲಿ ಬಸ್ ಹಿಡಿದೆ. ಕೂರಲು ಜಾಗವಿದ್ದರೂ ನಿಂತೇ ಹೋದೆ.

ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ. ರೊಟ್ಟಿ ಬಡಿಯುವ ಸದ್ದು ಗಲ್ಲಿಯ ತಿರುವಿಗೇ ಕೇಳುತ್ತಿತ್ತು. ಅವ್ವ ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಎಡತೋಳಿಗೆ ನಳಿಕೆ, ದ್ರವದ ಚೀಲ ಗೋಡೆಯ ಮೊಳೆಯಲ್ಲಿ, ಕ್ಯಾಲೆಂಡರಿನ ಪಕ್ಕ. ಅವಳ ಕೈಕೆಳಗೆ ದುಡಿದು ಹಳಬಳಾದ ಕಸ್ತೂರೆಕ್ಕ ಸಾರಿನ ಗುಂಡಿಯಲ್ಲಿ ಸೌಟು ಆಡಿಸುತ್ತಿದ್ದಳು. ಉಣ್ಣಲು ಕೂತಿದ್ದ ಕಂಡಕ್ಟರ್ ಹಡಪದ ಕೂಗಿದ:

“ಫಕ್ಕೀರಕ್ಕಾ, ನೀ ಉಪಾಸ ಕುಂತಾಗಿಂದ ಸಾರು ರುಚಿ ಹೆಚ್ಚಾಗೇತಿ ನೋಡ! ಹಿಂಗ ಇರು ಇನ್ನೊಂದ್ ವರ್ಷ!”

“ನಿನ್ನ ನಾಲಿಗಿಗೆ ಬೆಂಕಿ ಹಚ್ಚಲಿ. ಉಣ್ಣು ಸುಮ್ನ, ನಿನ್ನ ಬಸ್ಸು ನಿನ್ನ ಬಿಟ್ಟು ಹೊಂಟೀತು.”

ಕಸ್ತೂರೆಕ್ಕ ಸೌಟನ್ನೆತ್ತಿದಳು. ಅವ್ವ ಅತ್ತ ನೋಡಲೂ ಇಲ್ಲ. ಹಡಪದನಿಗೆ ಇನ್ನೂ ಏನೋ ಬೈಯುತ್ತಲೇ ಬಲಗೈ ಮುಂದೆ ಚಾಚಿದಳು. ಸೌಟಿನಿಂದ ಅಂಗೈ ಮೇಲೆ ಒಂದು ಹನಿ ಬಿತ್ತು. ಅವ್ವ ನೆಕ್ಕಿದಳು. “ಚಿಟಿಕಿ ಉಪ್ಪು ಹಾಕು” ಎಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅಲ್ಲಿದ್ದ ಯಾರಿಗೂ ಏನೂ ನಡೆದಂತೆ ಅನಿಸಲಿಲ್ಲ. ನನಗೂ ಬೇರೆ ದಿನವಾಗಿದ್ದರೆ ಅನಿಸುತ್ತಿರಲಿಲ್ಲ. ಅದನ್ನು ನಾನು ಸಾವಿರ ಸಲ ನೋಡಿದ್ದೆ, ಎಂದೂ ಕಂಡಿರಲಿಲ್ಲ.

“ಅವ್ವಾ” ಎಂದೆ.

“ಬಂದಿ? ಯಾಕ, ಡಬ್ಬಿ ಸಾಲಲಿಲ್ಲೇನು ನಿಮ್ಮ ಮಷೀನಿಗೆ?”

“ನೀ ಈಗ ತಿಂದಿ.”

“ಯಾರ? ನಾ?” ಅವ್ವ ನಿಜವಾಗಿಯೂ ಅಚ್ಚರಿಪಟ್ಟಳು. “ಬಾಯಾಗ ನೀರ್ ಬಿಟ್ರ ಏನೂ ಹಾಕಿಲ್ಲವಾ. ಕಸ್ತೂರಿನ ಕೇಳ ಬೇಕಾರ.”

“ಅಂಗೈ ಮ್ಯಾಲಿಂದು?”

“ಅದಾ? ಅದು ಉಪ್ಪು ನೋಡೂದು. ಉಪ್ಪು ನೋಡಿದ್ರ ಉಂಡಂಗಾತೇನು? ಸೋಮಾರ ಉಪಾಸ ಇದ್ದಾಗೂ ನೋಡ್ತೀನಿ. ಆ ಶಿವಗ ನಡೀತೈತಿ, ನಿಮ್ಮ ಡಾಕ್ಟರಬಾಯಿಗೆ ನಡಿಯೂದಿಲ್ಲ?”

ಪ್ರತಿ ವಾರ ನರ್ಸ್ ‘ಏನಾದರೂ ತಿಂದಿರಾ’ ಎಂದು ಕೇಳಿದಾಗ ಅವ್ವ ಇಲ್ಲ ಎಂದದ್ದು ಸುಳ್ಳಾಗಿರಲಿಲ್ಲ. ಉಪ್ಪು ನೋಡಿದಿರಾ ಎಂದು ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೂ, ಇದೇ ಒಲೆಯ ಮುಂದೆ ಬೆಳೆದವಳಿಗೆ.

ಕೋಶಗಳು ಸುಮ್ಮನಾದದ್ದನ್ನು ಹೇಳಿದೆ. ತಡವರಿಸುತ್ತ, ನೆಲ ನೋಡುತ್ತ ಹೇಳಿದೆ. ಅವ್ವನ ಮುಖದ ನಗು ಇಳಿಯಲು ಹೊತ್ತು ಹಿಡಿಯಿತು. ಕಸ್ತೂರೆಕ್ಕ ಸೌಟನ್ನು ಗುಂಡಿಯೊಳಗೆ ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು.

“ಹಂಗಾರ ಅದು ಮತ್ತ ಬೆಳೀತೈತೇನು?” ಅವ್ವ ಮೆಲ್ಲಗೆ ಕೇಳಿದಳು.

“ಗೊತ್ತಿಲ್ಲ.”

“ಅವ್ರಿಗೆ ಹೇಳಿದ್ರ ಏನ್ ಮಾಡ್ತಾರ?”

“ನಿಲ್ಲಸ್ತಾರ.”

“ಹೇಳಲಿಲ್ಲಂದ್ರ?”

ನಾನು ಗೋಡೆಯ ಚೀಲದಿಂದ ಇಳಿಯುವ ಹನಿಗಳನ್ನು ಎಣಿಸತೊಡಗಿದೆ. ಅವ್ವ ನನ್ನ ಗದ್ದ ಹಿಡಿದು ತನ್ನತ್ತ ತಿರುಗಿಸಿದಳು. “ನೀ ಸಣ್ಣಾಕಿದ್ದಾಗಿಂದ ಹಿಂಗ. ಹೊಟ್ಟಿ ನೂಸಿದ್ರೂ ಹೇಳೂದಿಲ್ಲ, ಮೂಲ್ಯಾಗ ಕುಂತು ಬರಕೋತ ಇರ್ತಿ. ಹೋಗು. ಹೋಗಿ ಬಾಯಿ ಬಿಟ್ಟು ಹೇಳು. ನನ್ನ ಹೊಟ್ಯಾಗಿಂದು ಐತಿ, ನಿನ್ನ ಹೊಟ್ಯಾಗ ಯಾಕ ಇಟ್ಕೋತಿ?”

ಡಾ. ಮುಲ್ಲಾ ಅವರ ಕೋಣೆಗೆ ಅಲ್ಲಿಯವರೆಗೆ ನಾನಾಗಿ ಹೋದವಳಲ್ಲ. ಬಾಗಿಲ ಹೊರಗೆ ಮೂರು ವಾಕ್ಯ ಜೋಡಿಸಿಕೊಂಡೆ. ಒಳಗೆ ಹೋದಾಗ ಒಂದೂ ಬರಲಿಲ್ಲ.

“ಯಾಕ ನಿಂತೀ, ಕೂಡು” ಎಂದರು ಅವರು, ಪರದೆಯಿಂದ ಕಣ್ಣೆತ್ತದೆ.

ನಿಂತೇ ಹೇಳಿದೆ. ಅಂಗೈ, ಹನಿ, ಸಾರು, ಮೌನ, ಎಲ್ಲ ಹಿಂದುಮುಂದಾಗಿ. ನಂಬರಿನ ರೋಗಿ ನನ್ನ ತಾಯಿ ಎಂದು ಮೊದಲೇ ತಿಳಿದಿತ್ತು ಎನ್ನುವುದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಅಂಗೈ ಮ್ಯಾಲೆ ಹಾಕ್ಕೊಂಡು” ಎಂದರು, ತಮಗೆ ತಾವೇ ಎಂಬಂತೆ. “ನಮ್ಮಮ್ಮೀನೂ ಹಂಗ. ರೋಜಾದ ಉಪಾಸದಾಗ ಮಾತ್ರ ನೆಕ್ಕಿ ಉಗಳತಿದ್ಲು.” ಆಮೇಲೆ ದನಿ ಬದಲಾಯಿತು. “ನಿಯಮ ಗೊತ್ತದಲ್ಲ ದಾಕ್ಷಾಯಣಿ. ಅವಲಕ್ಕಿ ತಿಂದವರನ್ನ ನಾ ನನ್ನ ಕಣ್ಣಾರೆ ನೋಡೀನಿ. ಇವತ್ತ ನಿಲ್ಲಸಬೇಕು.”

ಅಲ್ಲಿಗೆ ಮಾತು ಮುಗಿಯಬೇಕಿತ್ತು. ನಾನು ಹ್ಞೂಂ ಎಂದು ಹೊರಡುವ ಪೈಕಿ. ಕಾಲು ತಿರುಗಿಯೂ ಇತ್ತು.

“ಮೇಡಂ, ಒಂದು ಗುಳಿ ಉಳಿದೈತಿ.”

“ಅಂದ್ರ?”

“ಗಡ್ಡೀದು ಚೂರು ಫ್ರೀಜರಿನಾಗ ಐತಲ್ರಿ, ಮೊದಲು ಪರೀಕ್ಷಾಕ ತಗದಿದ್ದು. ಅದರ ಹನಿ ಬಿಟ್ಟು ನೋಡೋಣ. ಸಾರಿಗೆ ಸುಮ್ಮನಾದ ಕೋಶ ಗಡ್ಡೀಗೂ ಸುಮ್ಮನಾದ್ರ ನಿಲ್ಲಸ್ರಿ. ಆಗಲಿಲ್ಲಂದ್ರ…” ನನ್ನ ದನಿ ಎಲ್ಲಿಂದಲೋ ಏರಿತು. “ಕೇಳದ ಹೆಂಗ ನಿಲ್ಲಸ್ತೀರಿ?”

ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

ಒಂದೇ ಹೆಡ್‌ಫೋನು. ಎಡಗಿವಿಯದು ನನಗೆ, ಬಲಗಿವಿಯದು ಅವರಿಗೆ. ತಲೆಗೆ ತಲೆ ತಾಗಿಸಿಕೊಂಡು ಕೂತೆವು. ಮೊದಲು ಸಾರಿನ ಗುಳಿ. ಮೌನ. ಮುಲ್ಲಾ ತಲೆಯಾಡಿಸಿದರು. ಆಮೇಲೆ ಉಳಿದ ಗುಳಿಗೆ ಗಡ್ಡೆಯ ಹನಿ. ಹನಿ ಬೀಳುವಾಗ ನನ್ನ ಕೈ ನಡುಗಿತು. ನಂಬರ್ ಹಚ್ಚಿದ್ದು ಯಾತಕ್ಕೆಂದು ಆಗ ತಿಳಿಯಿತು.

ಕಾದೆವು. ಕಿವಿಯಲ್ಲಿ ಸೊನ್ನೆ. ಹವಾನಿಯಂತ್ರಕದ ಸದ್ದು, ಮುಲ್ಲಾ ಅವರ ಉಸಿರು, ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದದ್ದು. ಅವರು ಗಡಿಯಾರದ ಕಡೆ ನೋಡಿ ನನ್ನ ಭುಜದ ಮೇಲೆ ಕೈಯಿಟ್ಟರು. ಸಾಂತ್ವನದ ಕೈ ಅದು ಎಂದು ಗೊತ್ತಾಗಿ ನನಗೆ ಸಿಟ್ಟು ಬಂತು. ಅದನ್ನು ಸರಿಸಬೇಕೆಂದುಕೊಳ್ಳುವಾಗ ಕಿವಿಯಲ್ಲಿ ಏನೋ ತುರಿಸಿದ ಹಾಗಾಯಿತು.

ಗುಂಯ್.

ಸಣ್ಣದು. ಮೊದಲ ವಾರಗಳ ಸೊಳ್ಳೆಗಳ ಹಿಂಡಲ್ಲ, ನಾಲ್ಕಾರು ಇದ್ದಾವು. ಬಂತು, ಹೋಯಿತು, ಮತ್ತೆ ಬಂದು ನಿಂತಿತು.

“ಕೇಳಸ್ತೇನ್ರಿ?”

“ಶ್!” ಮುಲ್ಲಾ ಕಣ್ಣು ಮುಚ್ಚಿಕೊಂಡಿದ್ದರು. ಬಹಳ ಹೊತ್ತಿನ ಮೇಲೆ ತೆಗೆದರು. “ಸಣ್ಣಗಾಗ್ಯದ. ಆದ್ರ ಅದ.” ಎದ್ದು ಕೋಣೆಯೊಳಗೇ ಅತ್ತಿಂದಿತ್ತ ನಡೆದರು. “ನಿಯಮ ಬರದಾಕಿ ನಾನ. ಮುರದ್ರ ನಾಳೆ ಉತ್ತರ ಕೊಡಾಕಿನೂ ನಾನ. ರಕ್ತದ ಪರೀಕ್ಷೆ ದಿನಾ ಆಗ್ಬೇಕು. ಯಕೃತ್ತು ಉರಿಯಾಕ ಹತ್ತಿತಂದ್ರ ಆ ಕ್ಷಣಕ್ಕ ನಿಲ್ಲಸ್ತೀನಿ, ಆಗ ನೀ ಮತ್ತ ಗುಳಿ ಗಿಳಿ ಅನಬಾರ್ದು. ಮತ್ತ ನಿಮ್ಮವ್ವನ ಆ ಕೈ! ಇನ್ನೊಂದು ಹನಿ ಬಿದ್ರ ಇದೂ ಮಲಗತದ. ವಾರ್ಡಿಗೆ ಕರ್ಕೊಂಡ್ ಬಾ.”

ಅವ್ವ ವಾರ್ಡಿಗೆ ಬರಲೊಪ್ಪಲಿಲ್ಲ. “ಒಲಿ ಬಿಟ್ಟು ನಾ ಇರಾಕಿ ಅಲ್ಲ. ಬೇಕಾರ ಕೈ ಕಡದು ಒಯ್ಯಿರಿ” ಎಂದಳು. ನೆಕ್ಕುವುದಿಲ್ಲ ಎಂದು ಆಣೆ ಇಡಲು ತಯಾರಿದ್ದಳು. ಆದರೆ ಆ ಕೈ ಅವಳ ಮಾತು ಕೇಳಿ ಚಾಚುವ ಕೈಯಲ್ಲ. ಸೌಟು ಎದ್ದರೆ ಅದೂ ಏಳುತ್ತದೆ. ಆಣೆ ಇಟ್ಟ ಸಂಜೆಯೇ ಎರಡು ಸಲ ಎದ್ದಿತು. ಎರಡು ಸಲವೂ ಕಸ್ತೂರೆಕ್ಕ “ಅಯ್ಯಯ್ಯೋ” ಎಂದು ಸೌಟನ್ನು ಹಿಂದಕ್ಕೆಳೆದುಕೊಂಡಳು.

ಕೊನೆಗೆ ಉಪಾಯ ಹೊಳೆದದ್ದು ಅವ್ವನಿಗೇ. ಬೇವಿನ ಎಲೆ ಅರೆಸಿ, ಬಲಗೈ ನನ್ನ ಮುಂದೆ ಹಿಡಿದು “ಹಚ್ಚು” ಎಂದಳು. ಅಂಗೈ ತುಂಬ ಹಚ್ಚಿ ಮೇಲೊಂದು ಬಟ್ಟೆ ಸುತ್ತಿದೆ.

“ನಿನ್ನ ಹಾಲು ಬಿಡಸಾಕ ನಾ ಹಿಂಗ ಹಚ್ಕೊಂಡಿದ್ನಿ” ಎಂದಳು. “ಬಾಯಿ ಹಚ್ಚಿ, ಮಾರಿ ಕಿವಚಿ, ನನ್ನ ಹೆಂಗ ನೋಡಿದ್ದಿ ಗೊತ್ತೇನು! ಅಳಲೂ ಇಲ್ಲ ನೀ. ಅತ್ತಿದ್ರ ಕೊಟ್ಟ ಬಿಡ್ತಿದ್ನಿ.”

ಹಾಗಾದರೆ ಉಪ್ಪು ಯಾರು ನೋಡಬೇಕು? ಕಸ್ತೂರೆಕ್ಕನ ಕೈ ಒಂದು ದಿನ ಧಾರಾಳ, ಒಂದು ದಿನ ಜಿಪುಣ. ಕಂಡಕ್ಟರ್ ಹಡಪದ ಎರಡು ದಿನ ಸಾರು ಬಿಟ್ಟು ಮೊಸರು ಸುರಿದುಕೊಂಡು ಉಂಡ. ಮೂರನೆಯ ದಿನ, ನಾನು ಕೆಲಸಕ್ಕೆ ಹೊರಟು ನಿಂತಾಗ, ಅವ್ವ ಬಟ್ಟೆ ಸುತ್ತಿದ ಕೈಯಿಂದಲೇ ನನ್ನ ಕೈ ಹಿಡಿದೆಳೆದಳು. “ಚಾಚು.”

ಅಂಗೈ ಮೇಲೆ ಹನಿ ಬಿತ್ತು. ಬಿಸಿಯಿತ್ತು. ನೆಕ್ಕಿದೆ.

“ಹೆಂಗೈತಿ?”

“ಚೊಲೋ ಐತಿ.”

“ಚೊಲೋ ಐತಿ ಅಂತ ಗಿರಾಕಿ ಹೇಳ್ಬೇಕು. ನೀ ಉಪ್ಪು ಹೇಳು.”

ಕಸ್ತೂರೆಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಅಡುಗೆ, ಅವಳ ಮುಂದೆ. ಬೇರೆ ದಿನವಾಗಿದ್ದರೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದೆ.

“ಹೆಚ್ಚಾಗೇತಿ” ಎಂದೆ. “ಬಾಳ ಹೆಚ್ಚಾಗೇತಿ. ಹುಳಿನೂ ಕಮ್ಮಿ.”

“ಏನು ಈಕೀನ ದಿನಾ ಅಡಿಗಿ ಮಾಡಾಕಿ!” ಎಂದಳು ಕಸ್ತೂರೆಕ್ಕ. ಅವ್ವ ನಕ್ಕಳು, ತೋಳಿನ ನಳಿಕೆ ಅಲುಗಾಡುವಷ್ಟು ನಕ್ಕಳು. ಆಮೇಲೆ ದಿನವೂ ನನ್ನ ಅಂಗೈಯೇ. ರಾತ್ರಿ ದಿನಚರಿ ಬರೆಯುವಾಗ ಕೈಗೆ ಮಸಾಲೆಯ ವಾಸನೆ ಹೊಡೆಯುತ್ತಿತ್ತು, ಪುಟಕ್ಕೂ ಅಂಟುತ್ತಿತ್ತು.

ಆ ವಾರಗಳಲ್ಲಿ ನಾನು ಎಲ್ಲಿಯೂ ನೆಟ್ಟಗೆ ಕೂರಲಿಲ್ಲ. ರಕ್ತದ ವರದಿ ಬರುವ ಮುಂಚೆ ಕಾರಿಡಾರಿನಲ್ಲಿ ಓಡಾಡುತ್ತಿದ್ದೆ. ಒಮ್ಮೆ ಅವ್ವನ ಕಣ್ಣಿನ ಬಿಳಿ ಹಳದಿಗಟ್ಟಿತು. ಮುಲ್ಲಾ ಅವರು ಶಮನದ ಇಂಜೆಕ್ಷನ್ ತುಂಬಿ ಟ್ರೇಯಲ್ಲಿಟ್ಟು ಕಾದರು, ನಾನು ಗುಳಿ ಗಿಳಿ ಅನ್ನಲಿಲ್ಲ. ಮರುದಿನ ಹಳದಿ ಇಳಿಯಿತು. ಗಡ್ಡೆಯ ಹನಿಗೆ ಸೊಳ್ಳೆಗಳು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತಿದ್ದವು. ಬಾರದೆ ಹೋಗಲಿಲ್ಲ.

ಸ್ಕ್ಯಾನಿನ ದಿನ ರಕ್ತನಾಳದ ಹಿಂದೆ ಒಂದು ಮಸುಕು ಗೆರೆ ಮಾತ್ರ ಕಂಡಿತು. “ಗಾಯದ ಕಲೆ ಇರಬೇಕು” ಎಂದರು ಮುಲ್ಲಾ. “ಇರಬೇಕು ಅಷ್ಟ. ನೂರಕ್ಕ ನೂರು ಅಂತ ನಾ ಯಾರಿಗೂ ಹೇಳಿಲ್ಲ, ನಿಮಗೂ ಹೇಳೂದಿಲ್ಲ. ಇನ್ನ ಮಲಗಸೂನು. ಇದಕ್ಕಿಂತ ಹೆಚ್ಚು ಎಚ್ಚರ ಇದ್ರ ಇವರ ಯಕೃತ್ತು ತಡಿಯೂದಿಲ್ಲ.” ಇಂಜೆಕ್ಷನ್ ಏರಿತು. ಒಂದೊಂದೇ ಆಹಾರ ಒಳಗೆ ಬಂತು. ಮೊದಲು ಅಕ್ಕಿಯ ಗಂಜಿ, ಆಮೇಲೆ ಮಜ್ಜಿಗೆ, ಆಮೇಲೆ ಜೋಳದ ನುಚ್ಚು.

ಮತ್ತೆ ನನ್ನ ಮೇಜಿನ ಮೇಲೆ ಅದೇ ನಂಬರಿನ ತಟ್ಟೆ. ಈಗ ಎಲ್ಲ ಸುಮ್ಮನಿರಬೇಕು. ಅಕ್ಕಿಗೆ ಸುಮ್ಮನಿದ್ದವು. ಹಾಲಿಗೆ, ಜೋಳಕ್ಕೆ, ಸಾರಿಗೆ. ಹಿಂದೆ ನಾನು ಎಷ್ಟು ಇಷ್ಟಪಟ್ಟಿದ್ದ ಸದ್ದಿಲ್ಲದ ಹೊತ್ತು ಅದು; ಈಗ ಅದರೊಳಗೆ ಕೂರಲು ಮೈ ಪರಚುತ್ತಿತ್ತು. ಇಂಥದೇ ಮೌನದಲ್ಲಲ್ಲವೇ ಗಡ್ಡೆ ಬೆಳೆದದ್ದು. ಯಾರೂ ಹೇಳದಿದ್ದರೂ ಫ್ರೀಜರಿನಿಂದ ಗಡ್ಡೆಯ ಹನಿ ತಂದೆ, ಕೊನೆಯ ಗುಳಿಗೆ ಬಿಟ್ಟೆ.

ಏನೂ ಇಲ್ಲ. ದನಿ ಏರಿಸಿದೆ. ಏನೂ ಇಲ್ಲ. ಪಕ್ಕದ ಮೇಜಿನವರು ಊಟಕ್ಕೆ ಎದ್ದರು. ಫೋನು ಹೊಡೆದುಕೊಂಡಿತು, ಒಂದು ಕಿವಿಗೆ ಅದನ್ನಿಟ್ಟುಕೊಂಡೆ.

“ಏನಂದ್ವು ನನ್ನ ಲಿವರ್‌ನವು?” ಹಿಂದೆ ರೊಟ್ಟಿ ಬಡಿಯುವ ಸದ್ದು.

“ತಡಿ ಅವ್ವಾ.”

“ಎಷ್ಟೊತ್ತು ತಡೀಲಿ? ಇಲ್ಲಿ ನನ್ನ ತಾಟು ಆರಾಕತ್ತೈತಿ.”

“ತಡಿ ಅಂದೆ!”

ಅವ್ವ ಸುಮ್ಮನಾದಳು. ನಾನು ಗದರಿದ್ದು ಅದೇ ಮೊದಲು. ಆ ಮೌನದಲ್ಲಿ, ಹೆಡ್‌ಫೋನಿನ ಇನ್ನೊಂದು ಕಿವಿಯಲ್ಲಿ, ಬಹು ದೂರದಿಂದ, ಸೊಳ್ಳೆಪರದೆಯ ಯಾವ ಮೂಲೆಯಲ್ಲಿದೆಯೋ ತಿಳಿಯದ ಹಾಗೆ, ಗುಂಯ್ ಎಂದಿತು. ಒಂದೇ ಒಂದು. ನಿದ್ದೆ ಕೆಡಿಸುವ ಜಾತಿಯದು.

“ಒಂದು ಎದ್ದ ಕುಂತೈತಿ ಅವ್ವಾ.”

“ಒಂದ?”

“ಒಂದ.”

ಅವ್ವ ಯೋಚಿಸಿದಳು. “ಉಳದವೆಲ್ಲ ಮಲಗ್ಯಾವು, ಅದೊಂದ ಕಾಯತೈತಿ ಹೌದಿಲ್ಲೋ? ಮತ್ತ ಅದರ ಊಟಾ?”

“ನೀ ಉಂಡಿದ್ದ ಅದು ಉಣ್ಣೂದು.”

“ಹಂಗಾರ ಕಸ್ತೂರೀ, ಇನ್ನೊಂದು ರೊಟ್ಟಿ ಹಾಕ” ಎಂದಳು ಅವ್ವ, ಫೋನು ಇಡದೆಯೇ. ರೊಟ್ಟಿ ಮುರಿದ ಸದ್ದು ಕೇಳಿಸಿತು. ನಾನು ಎರಡೂ ಕಿವಿಗಳನ್ನು ಹಾಗೇ ಇಟ್ಟುಕೊಂಡು ಕೂತೆ.